ಹಾರ್ಮೋನಿಯಂ ಕೇಳಿಸದ ಬಾಬತ್ತು

ಕೆಟ್ಟಿರುವುದನ್ನು ಸರಿಮಾಡುವವರು ಒಂದು ಪಂಗಡ, ಸರಿಯಾಗಿರುವುದನ್ನು ಸರಿಮಾಡುವವರು ಇನ್ನೊಂದು ಪಂಗಡ. ನಾನು ಎರಡನೆಯದಕ್ಕೆ ಸೇರಿದವನು. ಗೋಡೆಯ ಗಡಿಯಾರ ತನ್ನ ಪಾಡಿಗೆ ತಾನು ನಡೆಯುತ್ತಿದ್ದರೆ, ಇದರ ಬೆನ್ನು ಬಿಚ್ಚಿ ನೋಡಿ ಬಹಳ ದಿನವಾಯಿತಲ್ಲ ಎಂದು ನನಗೆ ಅನ್ನಿಸುತ್ತದೆ. ಮಿಕ್ಸಿ ಸದ್ದಿಲ್ಲದೆ ಚಟ್ನಿ ರುಬ್ಬಿದರೆ ಏನೋ ಮುಚ್ಚಿಡುತ್ತಿದೆ ಎಂಬ ಸಂಶಯ. “ನಮ್ಮನೇಲಿ ಯಾವ ಸಾಮಾನೂ ತಾನಾಗಿ ಕೆಡೋದಿಲ್ಲ” ಎಂದು ನನ್ನ ಹೆಂಡತಿ ಶಾಲಿನಿ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಬಂದವರು ಅದನ್ನು ಸಾಮಾನುಗಳ ಹೊಗಳಿಕೆ ಎಂದುಕೊಂಡು, ಯಾವ ಅಂಗಡಿಯಲ್ಲಿ ತಂದಿರಿ ಎಂದು ವಿಚಾರಿಸುತ್ತಾರೆ.

ಆಗ ನಾವು ತಿರುವನಂತಪುರದಲ್ಲಿದ್ದೆವು. ಉಳ್ಳೂರಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ, ರಾಕೆಟ್ ಕೇಂದ್ರವಿರುವ ತುಂಬ ಎಂಬ ಊರಿನ ಕಡಲ ದಂಡೆಯಲ್ಲಿ ಕೆಲಸ. ತುಂಬ ಎಂದ ಕೂಡಲೇ ಮೈಸೂರಿನ ನಮ್ಮ ಬಂಧುಬಳಗ ನಾನು ರಾಕೆಟ್ ಹಾರಿಸುತ್ತೇನೆಂದು ನಂಬಿಬಿಟ್ಟಿತ್ತು. ನಾನೂ ಆ ನಂಬಿಕೆಗೆ ಧಕ್ಕೆ ತರಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ರಾಕೆಟ್ಟಿಗೂ ನನಗೂ ಇದ್ದ ಸಂಬಂಧವೆಂದರೆ, ಅದನ್ನು ಹಾರಿಸುವವರು ಅತ್ತೆಯ ಮನೆಗೆ ಹೋಗಬೇಕಾದಾಗ ಅವರ ರಜೆಯ ಕಡತ ನನ್ನ ಮೇಜಿನ ಮೇಲೆ ಹಾದುಹೋಗುತ್ತಿತ್ತು. ಆಡಳಿತ ವಿಭಾಗದಲ್ಲಿ ತಲೆ ನೆರೆಸಿಕೊಂಡವನು ನಾನು. ಆದೇಶ ಬಂದರೆ ಪಾಲಿಸಬೇಕು, ಪಾಲಿಸಿದ್ದೇನೆಂದು ಬರೆಯಬೇಕು, ಕಡತವನ್ನು ಮುಂದಕ್ಕೆ ತಳ್ಳಬೇಕು. ಆದೇಶದಿಂದ ಏನಾಯಿತು ಎಂದು ಇಣುಕಿ ನೋಡುವುದು ನಮ್ಮ ದರ್ಜೆಯವರಿಗೆ ಶೋಭಿಸುವುದಿಲ್ಲ. ಹಿಂದೆ ಬೇರೊಂದು ಊರಿನ ಕಚೇರಿಯಲ್ಲಿದ್ದಾಗ, ಬೆಳಗಿನ ಸುತ್ತೋಲೆಯಂತೆ ಮೇಜುಗಳನ್ನೆಲ್ಲ ಕಿಟಕಿಯ ಕಡೆಗೆ ಸರಿಸಿ, ಮಧ್ಯಾಹ್ನದ ಸುತ್ತೋಲೆಯಂತೆ ಮತ್ತೆ ಗೋಡೆಯ ಕಡೆಗೆ ಸರಿಸಿ, ಎರಡಕ್ಕೂ ಪ್ರತ್ಯೇಕ ಪಾಲನಾ ವರದಿ ಕಳಿಸಿದ ಹೆಮ್ಮೆ ನನ್ನದು. ಈ ಸದ್ಗುಣವನ್ನು ಈಗಲೇ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ನಮ್ಮಲ್ಲೊಂದು ಪುಟ್ಟ ಕನ್ನಡ ಸಂಘವಿತ್ತು. ನವೆಂಬರ್ ಒಂದರಂದು ಊರೆಲ್ಲ ಕೇರಳದ ಹುಟ್ಟುಹಬ್ಬ ಆಚರಿಸುವಾಗ ನಾವು ಒಂದು ಹಾಲ್ ಹಿಡಿದು ಕರ್ನಾಟಕದ್ದನ್ನು ಆಚರಿಸುತ್ತಿದ್ದೆವು. ಊರಿನವರು ಆ ತೋರಣ, ದೀಪಗಳನ್ನೆಲ್ಲ ತಮ್ಮ ಹಬ್ಬಕ್ಕೇ ಎಂದು ತಿಳಿದು ನಮ್ಮನ್ನು ಬಹಳ ಮೆಚ್ಚಿಕೊಳ್ಳುತ್ತಿದ್ದರು. ಮಕ್ಕಳ ಸಮೂಹಗಾನ ಶಾಲಿನಿಯ ಸುಪರ್ದಿಗೆ ಸೇರಿದ್ದು. ಈ ಮಕ್ಕಳು ಹಾಡುವುದು ಕನ್ನಡದಲ್ಲಿ, ಜಗಳವಾಡುವುದು ಮಲಯಾಳದಲ್ಲಿ. ಶ್ರುತಿಯನ್ನು ಮಾತ್ರ ಯಾವ ಭಾಷೆಯ ಹಂಗೂ ಇಲ್ಲದೆ ತಲೆಗೊಂದರಂತೆ ಹಿಡಿಯುತ್ತಿದ್ದವು. ಅವರೆಲ್ಲರನ್ನೂ ಒಂದೇ ಶ್ರುತಿಗೆ ಕಟ್ಟಿಹಾಕುವ ಶಕ್ತಿ ಇದ್ದದ್ದು ಧಾರವಾಡದ ಕುಲಕರ್ಣಿಯವರ ಹಾರ್ಮೋನಿಯಂಗೆ. ಅವರಿಗೆ ಅಹಮದಾಬಾದಿಗೆ ವರ್ಗವಾಯಿತು. ಹೋಗುವ ಮುಂಚೆ ಪುಣ್ಯಾತ್ಮರು ನಮ್ಮ ಮನೆಗೆ ಬಂದು, ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಅಷ್ಟೂ ಹಾಡುಗಳನ್ನು ನುಡಿಸಿ ತುಂಬಿಸಿಕೊಟ್ಟರು. ಆ ಕಂಪ್ಯೂಟರನ್ನೇ ಹಾಲಿಗೆ ಹೊತ್ತುಕೊಂಡು ಹೋಗಿ ನುಡಿಸುವುದೆಂದು ಶಾಲಿನಿಯ ಯೋಜನೆ. ಬೇರೆ ಕಡೆಗೆ ಸಾಗಿಸೋಣವೆಂದರೆ ಇದ್ದದ್ದು ಫ್ಲಾಪಿ ಮಾತ್ರ. ಅದರಲ್ಲಿ ಕುಲಕರ್ಣಿಯವರ ಎಡಗೈಯೂ ಪೂರ್ತಿ ಹಿಡಿಸುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ, ತಂಬಾನೂರಿನ ರೈಲು ನಿಲ್ದಾಣದಲ್ಲಿ ಕೊಂಡ ಒಂದು ಪತ್ರಿಕೆಯ ಜತೆ ನನಗೆ, ವಿಂಡೋಸಿನ ಬದಲು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬುದರ ಸಿಡಿ ಪುಕ್ಕಟೆಯಾಗಿ ಬಂತು. ಮನೆಯಲ್ಲಿದ್ದ ವಿಂಡೋಸ್ ಚೆನ್ನಾಗಿಯೇ ನಡೆಯುತ್ತಿತ್ತು. ನನ್ನನ್ನು ಕಾಡಿದ್ದೇ ಅದು. ಭಾನುವಾರ ಶಾಲಿನಿ ದೇವಸ್ಥಾನಕ್ಕೆ ಹೋದದ್ದೇ ತಡ, ಸಿಡಿ ಹಾಕಿ ಕೂತೆ. ಅದು ಕೇಳಿದ ಪ್ರಶ್ನೆಗಳಿಗೆಲ್ಲ, ಮೇಲಧಿಕಾರಿ ಕೇಳಿದಾಗ ಹೇಳುವಂತೆ, ಹೌದು ಹೌದು ಎನ್ನುತ್ತ ಹೋದೆ. ಹಾಗೆ ಹೌದೆಂದದ್ದರಲ್ಲಿ ವಿಂಡೋಸನ್ನು ಅಳಿಸಬಹುದೇ ಎಂಬುದೂ ಒಂದಿತ್ತೆಂದು ತರುವಾಯ ಗೊತ್ತಾಯಿತು. ಹಾರ್ಮೋನಿಯಂ ಡಿಸ್ಕಿನ ಇನ್ನೊಂದು ಭಾಗದಲ್ಲಿದ್ದುದರಿಂದ ಜೀವ ಉಳಿಸಿಕೊಂಡಿತು. ಪರದೆಯ ಮೇಲೆ ಲಿನಕ್ಸಿನ ಲಾಂಛನವಾದ ಪೆಂಗ್ವಿನ್ ಬಂತು, ಗಡಿಯಾರ ಬಂತು, ಇಸ್ಪೀಟಿನ ಆಟವೂ ಬಂತು. ಹಾಡಿನ ಮೇಲೆ ಒತ್ತಿದರೆ, ಹಾಡು ನಡೆಯುತ್ತಿದೆಯೆಂದು ಸೂಚಿಸುವ ಗೆರೆ ಗಂಭೀರವಾಗಿ ಮುಂದೆ ಸಾಗಿತು. ಸದ್ದು ಮಾತ್ರ ಇಲ್ಲ.

ದೇವಸ್ಥಾನದಿಂದ ಬಂದ ಶಾಲಿನಿ ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಇದು ಯಾಕ್ರೀ ಬೇರೆ ಥರ ಇದೆ?”

“ಹೊಸ ವ್ಯವಸ್ಥೆ ಕಣೇ. ಪ್ರಪಂಚದವರೆಲ್ಲ ಸೇರಿ ಮಾಡಿದ್ದು.”

“ಪ್ರಪಂಚದವರೆಲ್ಲ ಸೇರಿ ನನ್ನ ಹಾರ್ಮೋನಿಯಂ ಏನು ಮಾಡಿದ್ರಿ?”

ಉತ್ತರ ಕೊಡುವುದಕ್ಕೆ ಕಾಲಾವಕಾಶ ಕೋರಿದೆ. “ನವೆಂಬರ್ ಒಂದನೇ ತಾರೀಕಿನವರೆಗೂ ಕೊಟ್ಟಿದೀನಿ” ಎಂದಳು. ಇನ್ನು ಎರಡು ವಾರವಿತ್ತು.

ಮನೆಯ ಮೋಡೆಮ್ ಕೂಡ ಲಿನಕ್ಸಿನ ಜತೆ ಮಾತು ಬಿಟ್ಟಿದ್ದರಿಂದ ಉಳ್ಳೂರು ಜಂಕ್ಷನ್ನಿನ ಇಂಟರ್‌ನೆಟ್ ಕೆಫೆಗೆ ಹೋದೆ. ಪತ್ರಿಕೆಯಲ್ಲೇ ಕೇರಳದ ಲಿನಕ್ಸ್ ಬಳಗವೊಂದರ ವಿಳಾಸವಿತ್ತು. ಕಷ್ಟ ಬಂದವರು ಅದಕ್ಕೊಂದು ಮಿಂಚಂಚೆ ಹಾಕಿದರೆ ಬಳಗದವರೆಲ್ಲರಿಗೂ ತಲುಪುತ್ತದೆ, ತಿಳಿದವರು ಉತ್ತರಿಸುತ್ತಾರೆ. ಅಲ್ಲಿನವರು ಒಬ್ಬರನ್ನೊಬ್ಬರು ಹೇಯ್, ಹಾಯ್ ಎಂದು ಮಾತಾಡಿಸಿಕೊಳ್ಳುತ್ತಿದ್ದರು. ನನಗೆ ಆ ಪದ್ಧತಿ ಒಗ್ಗದು. ನನಗೆ ಬಂದ ರೀತಿಯಲ್ಲೇ, ಕಚೇರಿಯ ಇಂಗ್ಲಿಷಿನಲ್ಲಿ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ವಿಷಯ: ಲಿನಕ್ಸ್ ಅನುಸ್ಥಾಪನೆಯ ತರುವಾಯ ಗಣಕಯಂತ್ರದಲ್ಲಿ ಧ್ವನಿಯ ಗೈರುಹಾಜರಿ ಕುರಿತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ…” ಎಂದು ಆರಂಭಿಸಿ, ಪ್ಯಾರಾಗಳಿಗೆ ಕ್ರಮಸಂಖ್ಯೆ ಹಾಕಿ, ಯಂತ್ರದ ಹುಟ್ಟು ಬೆಳವಣಿಗೆಗಳನ್ನೆಲ್ಲ ನಿವೇದಿಸಿ, “ಸೂಕ್ತ ಆದೇಶಕ್ಕಾಗಿ ಮಂಡಿಸಿದೆ” ಎಂದು ಮುಗಿಸಿದೆ.

ಮಾರನೆಯ ದಿನ ನೋಡಿದರೆ ಆದೇಶಗಳ ಸುರಿಮಳೆ. ಬಳಗದವರು ಇಷ್ಟು ವಿವರವಾದ ಅಹವಾಲನ್ನು ಕಂಡೇ ಇರಲಿಲ್ಲವಂತೆ. ಒಬ್ಬ ಧ್ವನಿಯನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಬದಲಿಸಿ ಎಂದ. ಇನ್ನೊಬ್ಬ, ಬದಲಿಸಿದರೆ ಕೆಟ್ಟಿರಿ, ಹಳೆಯದನ್ನೇ ಎರಡನೆಯ ಸಲ ಹಾಕಿ ಎಂದ. ಮೂರನೆಯವನು ವ್ಯವಸ್ಥೆಯ ತಿರುಳಾದ ಕರ್ನಲ್ಲನ್ನೇ ಮನೆಯಲ್ಲಿ ಹೊಸದಾಗಿ ಕಟ್ಟಿಕೊಳ್ಳಬೇಕೆಂದು, ಉಪ್ಪಿನಕಾಯಿ ಹಾಕುವುದನ್ನು ಹೇಳುವಷ್ಟು ಸಲೀಸಾಗಿ ವಿವರಿಸಿದ. ಆಮೇಲೆ ಅವರವರಲ್ಲೇ ವಾಗ್ವಾದ ಹತ್ತಿಕೊಂಡು, ನನ್ನ ಧ್ವನಿಯ ವಿಷಯ ಅವರ ಧ್ವನಿಗಳಲ್ಲಿ ಮುಳುಗಿಹೋಯಿತು. ಈ ನಡುವೆ ನನಗೊಬ್ಬನಿಗೇ ಒಂದು ಅಂಚೆ ಬಂದಿತ್ತು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: “ಸಾರ್, ನಂಜುಂಡಯ್ಯ ಅಂತ ಹೆಸರು ನೋಡಿ ಖುಷಿ ಆಯ್ತು. ನಾನು ಪುತ್ತೂರಿನವ, ಅಶ್ರಫ್. ಕೊಚ್ಚಿಯಲ್ಲಿ ಐಟಿ ಪಾರ್ಕಿನಲ್ಲಿ ಕೆಲಸ. ಎಂತ ಬೇಕಾದ್ರೂ ಫೋನ್ ಮಾಡಿ.”

ನಾನು ಫೋನ್ ಮಾಡಲಿಲ್ಲ. ಲಿಖಿತ ಆದೇಶಗಳು ಕೈಯಲ್ಲಿರುವಾಗ ಬಾಯಿಮಾತು ಏಕೆ? ಎಲ್ಲವನ್ನೂ ಕಾಗದಕ್ಕಿಳಿಸಿ ಮನೆಗೆ ಒಯ್ದು, ಬಂದ ತಾರೀಕಿನ ಕ್ರಮದಲ್ಲಿ ಒಂದೊಂದಾಗಿ ಪಾಲಿಸಿದೆ. ಡ್ರೈವರ್ ಹಾಕು ಎಂದವನ ಮಾತಿಗೆ ಹಾಕಿದೆ. ತೆಗೆ ಎಂದವನ ಮಾತಿಗೆ ತೆಗೆದೆ. ಕರ್ನಲ್ಲನ್ನೂ ಕಟ್ಟಿದೆ, ಯಂತ್ರ ಒಂದು ಹಗಲೆಲ್ಲ ಕೂತು ಅದನ್ನು ರುಬ್ಬಿತು. ಎಲ್ಲ ಮುಗಿದ ಮೇಲೆ ಹಾಡು ಹಾಕಿದರೆ, ಮೊದಲು ಸದ್ದಿಲ್ಲದಿದ್ದರೂ ಸಾಗುತ್ತಿದ್ದ ಆ ಗೆರೆಯೂ ಈಗ ಅಲುಗಾಡಲಿಲ್ಲ. ಕೆಫೆಯ ಯಜಮಾನರಾದ ಚೇಟ್ಟನ್ ದಿನಾ “ಶಬ್ದಂ ವನ್ನೋ ಸಾರೇ?” ಸದ್ದು ಬಂತೇ ಎಂದು, ಹೆರಿಗೆಯಾಯಿತೇ ಎಂದು ಕೇಳುವ ಕಾಳಜಿಯಿಂದ ಕೇಳುತ್ತಿದ್ದರು. ಮನೆಯಲ್ಲಿ ಮಕ್ಕಳ ಅಭ್ಯಾಸ ಹಾರ್ಮೋನಿಯಂ ಇಲ್ಲದೆಯೇ ನಡೆದಿತ್ತು. ಅದನ್ನು ಕೇಳಿ ಕೆಳಗಿನ ಮನೆಯ ವೃದ್ಧೆ ಅಮ್ಮಚ್ಚಿ ಮೇಲೆ ಬಂದು, ಯಾರಿಗಾದರೂ ಪೆಟ್ಟಾಯಿತೇ ಎಂದು ವಿಚಾರಿಸಿದರು. ಆ ದಿನ ಶಾಲಿನಿ ನನ್ನನ್ನು ಬೈಯಲಿಲ್ಲ. ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತು, “ಈ ಸಲ ಸಮೂಹಗಾನ ಬೇಡ ಅಂತ ಸಂಘಕ್ಕೆ ಹೇಳಿಬಿಡ್ತೀನಿ ಬಿಡಿ” ಎಂದಳು. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಅಶ್ರಫನಿಗೆ ಫೋನ್ ಮಾಡಿದೆ.

“ಫೋನಲ್ಲಿ ಆಗುದಿಲ್ಲ ಸಾರ್. ಶನಿವಾರ ಇಲ್ಲಿ ಎಡಪ್ಪಳ್ಳಿಯಲ್ಲಿ ನಮ್ಮ ಬಳಗದ್ದು ಮೀಟಿಂಗ್ ಉಂಟು. ಡಬ್ಬಿ ಹಿಡ್ಕೊಂಡು ಬನ್ನಿ” ಎಂದ.

ಡಬ್ಬಿಯೆಂದರೆ ಸಿಪಿಯು. ಶನಿವಾರ ಬೆಳಿಗ್ಗೆ ಅದಕ್ಕೆ ಹಾಸಿಗೆಯ ಬಿಳಿ ಹೊದಿಕೆ ಸುತ್ತಿ, ಎದೆಗವಚಿಕೊಂಡು ಆಟೋ ಹತ್ತಿದೆ. ಉಳ್ಳೂರಿನ ಆಟೋದವರಿಗೆ ಈ ಭಂಗಿಯಲ್ಲಿ ಹತ್ತುವ ಮನುಷ್ಯರು ಹೊಸಬರಲ್ಲ. “ಮೆಡಿಕಲ್ ಕಾಲೇಜಿಲೇಕ್ಕಲ್ಲೇ ಸಾರೇ?” ಎಂದವನೇ ನನ್ನ ಉತ್ತರಕ್ಕೂ ಕಾಯದೆ ಆಸ್ಪತ್ರೆಯ ಕಡೆ ತಿರುಗಿಸಿದ. ರೈಲು ನಿಲ್ದಾಣಕ್ಕಪ್ಪಾ ಎಂದು ಒಪ್ಪಿಸುವಷ್ಟರಲ್ಲಿ ತುರ್ತು ಚಿಕಿತ್ಸೆಯ ಬಾಗಿಲಿಗೆ ಬಂದಿದ್ದೆವು. ರೈಲಿನಲ್ಲಿ ಕೊಚ್ಚಿಯವರೆಗೂ ಅದನ್ನು ತೊಡೆಯಿಂದ ಇಳಿಸಲಿಲ್ಲ. ಎದುರಿಗಿದ್ದ ಹೆಂಗಸೊಬ್ಬರು ಕಂಬನಿ ತುಂಬಿಕೊಂಡು ನನಗೆ ಬಾಳೆಹಣ್ಣು ಕೊಟ್ಟರು. ಬೇಡವೆನ್ನುವುದು ನಿರ್ದಯವೆನಿಸಿ ತಿಂದೆ.

ಎಡಪ್ಪಳ್ಳಿಯ ಒಂದು ಟ್ಯೂಷನ್ ಕೇಂದ್ರದ ಮಹಡಿಯಲ್ಲಿ ಬಳಗ ನೆರೆದಿತ್ತು. ಎಲ್ಲೆಲ್ಲೂ ಹೊಟ್ಟೆ ಬಿಚ್ಚಿದ ಕಂಪ್ಯೂಟರುಗಳು. ತೆಳ್ಳಗೆ ಉದ್ದಕ್ಕಿದ್ದ ಅಶ್ರಫ್ ಓಡಿಬಂದು ನನ್ನ ಕೈಯಿಂದ ಗಂಟನ್ನು ಇಳಿಸಿಕೊಂಡ. ನಾನೇ ಆ ‘ಧ್ವನಿಯ ಗೈರುಹಾಜರಿ’ ಎಂದು ತಿಳಿದು ಹುಡುಗರೆಲ್ಲ ಎದ್ದು ನಿಂತರು. ಇಷ್ಟು ಗೌರವ ನನಗೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ. ಯಂತ್ರ ಚಾಲೂ ಮಾಡಿದ ಅಶ್ರಫ್ ಬಹಳ ಹೊತ್ತು ಪರದೆಯನ್ನೇ ನೋಡಿದ.

“ಸಾರ್, ಇದರಲ್ಲಿ ಯಾರು ಹೇಳಿದ್ದು ಮಾಡಿದ್ರಿ?”

“ಎಲ್ಲರೂ ಹೇಳಿದ್ದು.”

“ಎಲ್ಲರೂ ಹೇಳಿದ್ದಾ!”

“ಬಂದ ಕ್ರಮದಲ್ಲೇ.”

ಅವನು ತಿರುಗಿ ಮಲಯಾಳದಲ್ಲಿ ಅದನ್ನು ಸಭೆಗೆ ತಿಳಿಸಿದ. ಒಬ್ಬರ ಸಲಹೆಯನ್ನು ಯಾರಾದರೂ ನಿಜವಾಗಿ ಪಾಲಿಸುತ್ತಾರೆಂಬುದೇ ಅವರಿಗೆ ಹೊಸದು. ಅಷ್ಟನ್ನೂ ಪಾಲಿಸಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

“ಒಂದೊಂದು ಮಾಡಿದ ಮೇಲೆ ಹಾಡು ಹಾಕಿ ನೋಡಿದ್ರಾ ಸಾರ್?”

“ಇಲ್ಲಪ್ಪ. ಇನ್ನೂ ಆದೇಶಗಳು ಬಾಕಿ ಇದ್ದವಲ್ಲ.”

“ನಿಮ್ಮನ್ನು ಎಂತ ಮಾಡುದು ಮಾರಾಯ್ರೆ!” ಎಂದು ಅಶ್ರಫ್ ನೆಲದ ಮೇಲೇ ಕೂತು ನಕ್ಕ.

ಆಮೇಲೆ ನಾನು ಮಾಡಿದ್ದನ್ನೆಲ್ಲ ಒರೆಸಿಹಾಕಿ ಅವನು ಮೊದಲಿನಿಂದ ಶುರುಮಾಡಿದ. ಹುಡುಗರು ಸುತ್ತ ಕೋಟೆ ಕಟ್ಟಿದರು. ನನಗೆ ಕಂಡದ್ದು ಅವರ ಬೆನ್ನುಗಳು ಮಾತ್ರ. ಯಾರೋ ಚಹಾ ಮತ್ತು ಬಿಸಿ ಪಳಂಪೊರಿ ಕೈಗಿತ್ತರು. ನೇಂದ್ರಬಾಳೆಯ ಆ ಬಜ್ಜಿಯ ಎದುರು ನನ್ನ ಜ್ಞಾನದಾಹ ತಣ್ಣಗಾಯಿತು. ಎರಡನೆಯದನ್ನು ಕಚ್ಚುವಾಗ ಅಶ್ರಫ್ ಕೂಗಿದ: “ಸಾರ್, ಈಗ ಕೇಳಿ!” ಸ್ಪೀಕರಿನಿಂದ ಮೊದಲು ಒಂದು ಗೊರಗೊರ, ಆಮೇಲೆ ಕುಲಕರ್ಣಿಯವರ ಕಂಠ.

“ರಾಯರು ಎಲ್ಲಿ ಹೋಗ್ಯಾರ್ರೀ ಅಕ್ಕಾರ?”

“ಹಾಲು ತರೋಕೆ ಕಳಿಸಿದೀನಿ” ಎಂದಿತು ಶಾಲಿನಿಯ ಧ್ವನಿ. “ಅವರು ಬಂದು ಕಂಪ್ಯೂಟರ್ ಮುಟ್ಟೋದರೊಳಗೆ ಮುಗಿಸಿಬಿಡಿ, ಕುಲಕರ್ಣಿಯವರೇ.”

“ಮುಟ್ಟಿದರ ಏನಾಗತದ್ರೀ?”

“ಏನಾಯ್ತು ಅಂತ ಅವರಿಗೂ ಗೊತ್ತಿರಲ್ಲ. ಅದೇ ಕಷ್ಟ.”

ಅದರ ಹಿಂದೆಯೇ ಹಾರ್ಮೋನಿಯಂ ತುಂಬಿ ಹರಿಯಿತು. ಚಪ್ಪಾಳೆಯೋ ಚಪ್ಪಾಳೆ. ಇಡೀ ಕೋಣೆಯಲ್ಲಿ ಕನ್ನಡ ಬಲ್ಲವನು ಅಶ್ರಫ್ ಒಬ್ಬ. ಅವನು ಗೋಡೆಗೆ ತಲೆಯಿಟ್ಟು ನಗುತ್ತಿದ್ದ. “ಚೇಚ್ಚಿ ಎಂದಾ ಪರಞ್ಞದು?” ಅಕ್ಕ ಹೇಳಿದ್ದೇನು ಎಂದು ಹುಡುಗರು ಮುತ್ತಿಕೊಂಡರು. ಹೇಳಬೇಡವೆಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಅವನು ಒಂದು ಮಾತೂ ಬಿಡದೆ ಭಾಷಾಂತರಿಸಿದ.

ನವೆಂಬರ್ ಒಂದರಂದು ಮಕ್ಕಳೆಲ್ಲ ಒಂದೇ ಶ್ರುತಿಯಲ್ಲಿ ಹಾಡಿದವು. ಶಾಲಿನಿಯ ಮುಖ ನೋಡಬೇಕಿತ್ತು. ಅಶ್ರಫ್ ಕೊಚ್ಚಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಸಂಜೆ ನಮ್ಮ ಮನೆಯಲ್ಲಿ ಬಿಸಿಬೇಳೆ ಭಾತ್ ಉಂಡು, ಶಾಲಿನಿಗೆ ಶಾಶ್ವತವಾಗಿ ತಮ್ಮನಾದ. ಬಳಗದಲ್ಲೊಂದು ಕಟ್ಟುಪಾಡಿತ್ತು: ಕಷ್ಟ ಹೇಳಿಕೊಂಡವನು, ಅದು ಹೇಗೆ ಪರಿಹಾರವಾಯಿತೆಂದು, ಇಂಟರ್‌ನೆಟ್ಟಿನಲ್ಲಿ ಹುಡುಕುವ ಮುಂದಿನವರ ಹಿತಕ್ಕಾಗಿ ಬರೆದು ಮುಗಿಸಬೇಕು. ನಾನೂ ಬರೆದೆ. “ಎಲ್ಲ ಆದೇಶಗಳನ್ನೂ ಪಾಲಿಸಲಾಗಿದೆ. ಧ್ವನಿಯು ಹಾಜರಾಗಿದೆ. ವಿಷಯ ತೃಪ್ತಿಕರವಾಗಿ ಇತ್ಯರ್ಥವಾಗಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಿದೆ.” ನನಗೆ ಬಹಳ ಸಮಾಧಾನವಾಯಿತು.

ಮುಂದಿನ ವರ್ಷದ ಅಕ್ಟೋಬರಿನವರೆಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಪತ್ರಿಕೆಯ ಜತೆ ಹೊಸ ಸಿಡಿ ಬಂತು. ಮುಂದಿನದನ್ನು ವಿವರಿಸುವುದಿಲ್ಲ. ಅಭ್ಯಾಸಕ್ಕೆಂದು ಮಕ್ಕಳು ಬಂದು ಸಾಲಾಗಿ ನಿಂತಾಗ ಹಾರ್ಮೋನಿಯಂ ಮತ್ತೆ ನಾಪತ್ತೆ. ಈ ಸಲ ಮನೆಯಲ್ಲೇ ಇಂಟರ್‌ನೆಟ್ ಇತ್ತು, ಹುಡುಕಿದೆ. ಯಂತ್ರದ ಹೆಸರು, ಧ್ವನಿ ಇಲ್ಲ ಎಂದು ಹಾಕಿದ್ದೇ ತಡ, ಮೊಟ್ಟಮೊದಲೇ ಒಂದು ಉತ್ತರ ಸಿಕ್ಕಿತು.

“ಸಿಕ್ತು ಕಣೇ! ಯಾರಿಗೋ ಇದೇ ತೊಂದರೆ, ಇದೇ ಯಂತ್ರದಲ್ಲಿ. ಸರಿಹೋಗಿದೆ ಅಂತಲೂ ಬರೆದಿದಾನೆ” ಎಂದು ಕೂಗಿ, ತೆರೆದು ನೋಡಿದೆ. ಧ್ವನಿಯು ಹಾಜರಾಗಿದೆ. ಕಡತವನ್ನು ಮುಕ್ತಾಯಗೊಳಿಸಿದೆ. ಕೆಳಗೆ ನನ್ನದೇ ಹೆಸರು, ಹುದ್ದೆ ಸಮೇತ.

“ಹೇಗೆ ಸರಿಹೋಯ್ತಂತೆ?” ಎಂದಳು ಶಾಲಿನಿ ಹಿಂದಿನಿಂದ.

“ಅದನ್ನು ಬರೆದಿಲ್ಲ.”

“ಎಂಥಾ ಮನುಷ್ಯಾರೀ ಅವನು! ಅವನನ್ನೇ ಕೇಳಬಾರದಾ?”

“ಕೇಳಿದೆ. ಅವನಿಗೂ ಗೊತ್ತಿಲ್ಲ.”

ಅವಳು ಬಗ್ಗಿ ಪರದೆಯ ಮೇಲಿನ ಹೆಸರನ್ನು ಓದಿದಳು. ಅಶ್ರಫನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು. ನಾನು ವಿಷಯ, ಉಲ್ಲೇಖ ಎಂದು ಶುರುಮಾಡುವಷ್ಟರಲ್ಲಿ ಅವನು, “ಸಾರ್, ನೀವು ಎಂತ ಮುಟ್ಟಬೇಡಿ. ಫೋನ್ ಅಕ್ಕನಿಗೆ ಕೊಡಿ” ಎಂದ. ಅವಳು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಹೂಂಗುಟ್ಟುತ್ತ ಅದೇನೋ ತೆರೆದಳು, ಒಂದು ಕೀಲಿ ಒತ್ತಿದಳು. ಒಂದೇ ಒಂದು. ಕುಲಕರ್ಣಿಯವರು ರಾಯರು ಎಲ್ಲಿ ಹೋಗ್ಯಾರೆಂದು ಕೇಳಿದರು, ಮಕ್ಕಳು ಗೊಳ್ಳೆಂದವು, ಹಾರ್ಮೋನಿಯಂ ಶುರುವಾಯಿತು.

ಈ ಸಲವಾದರೂ ಲೋಕಹಿತಕ್ಕಾಗಿ ಪೂರ್ತಿ ವಿವರ ಬರೆದಿಡೋಣವೆಂದು ಪೆನ್ನು ಹಿಡಿದು, “ಯಾವ ಕೀಲಿ ಒತ್ತಿದೆ?” ಎಂದು ಕೇಳಿದೆ.

“ಹೇಳಲ್ಲ” ಎಂದಳು ಶಾಲಿನಿ. “ಮುಂದಿನ ವರ್ಷವೂ ನನಗೆ ಹಾರ್ಮೋನಿಯಂ ಬೇಕು.”