ತದ್ರೂಪಿ ಪರೋಪಜೀವಿ ನೊಣಗಳನ್ನು ಗುರುತಿಸುವ ಅರ್ಹತೆಯ ಕುರಿತು

ಸುತ್ತೋಲೆ ಸಂಖ್ಯೆ: ನೊಣ/2/ತದ್ರೂಪ/58
ತಿರುವನಂತಪುರ, 3 ಫೆಬ್ರವರಿ 1958

ವಿಷಯ: ಒಂದೇ ತೆರನಾಗಿ ಕಾಣುವ ಎರಡು ನೊಣಗಳನ್ನು ಬೇರ್ಪಡಿಸುವುದು.
ಉಲ್ಲೇಖ: ಮಟ್ಟಾಂಚೇರಿ ನೊಣ ಸಾಕಣೆ ಕೇಂದ್ರದ ತಾತ್ಕಾಲಿಕ ಸಹಾಯಕಿ, ಕಾಸರಗೋಡಿನ ಶ್ರೀಮತಿ ದಾಕ್ಷಾಯಣಿಯವರ ಮೌಖಿಕ ವಿವರಣೆ.

ತೆಂಗಿನ ಗರಿ ತಿನ್ನುವ ಹುಳುವಿನ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೊಣವನ್ನು ಸಾಕಿ ತೋಟಗಳಿಗೆ ಬಿಡಲಾಗುತ್ತಿದೆ. ಇದೇ ರೂಪದ ಇನ್ನೊಂದು ನೊಣ ಆ ಹುಳುವಿನ ಗೊಡವೆಗೇ ಹೋಗುವುದಿಲ್ಲ. ಇವೆರಡನ್ನು ಬೇರ್ಪಡಿಸಬಲ್ಲವರು ದಾಕ್ಷಾಯಣಿಯವರೊಬ್ಬರೇ ಎಂಬ ಅಶಿಸ್ತು ಗಮನಕ್ಕೆ ಬಂದಿರುವುದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ನೊಣದ ಬೆನ್ನಿನ ಬಿರುಗೂದಲುಗಳನ್ನು ಭೂತಗನ್ನಡಿಯಲ್ಲಿ ಎಣಿಸತಕ್ಕದ್ದು. ನಾಲ್ಕು ಜೊತೆಯಿದ್ದರೆ ಉಪಯುಕ್ತ, ಮೂರಿದ್ದರೆ ನಿರುಪಯುಕ್ತ. ಮೂರೂವರೆ ಎಂದು ಬರೆದ ಸಿಬ್ಬಂದಿಯಿಂದ ಸಮಜಾಯಿಷಿ ಕೇಳಲಾಗಿದೆ.

2. ಜೀವಂತ ನೊಣ ಎಣಿಕೆಗೆ ಸಹಕರಿಸದ ಕಾರಣ ಮೊದಲು ಅದನ್ನು ಸಾಯಿಸತಕ್ಕದ್ದು. ಉಪಯುಕ್ತವೆಂದು ಸಾಬೀತಾದ ನೊಣವನ್ನು ಅದೇ ದಿನ ತೋಟಕ್ಕೆ ಬಿಡತಕ್ಕದ್ದು. ಕಳೆದ ತಿಂಗಳು ಹೀಗೆ ಬಿಟ್ಟ ನಾನೂರು ನೊಣಗಳು ಕರ್ತವ್ಯ ನಿರ್ವಹಿಸಿಲ್ಲವೆಂಬ ದೂರು ಪರಿಶೀಲನೆಯಲ್ಲಿದೆ.

3. ದಾಕ್ಷಾಯಣಿಯವರು ನೊಣವನ್ನು ಕೊಲ್ಲದೆ, ಗಾಜಿನ ಪೆಟ್ಟಿಗೆಯ ಮುಂದೆ ಸುಮ್ಮನೆ ಕುಳಿತು ಗುರುತಿಸುತ್ತಾರೆ. ಕೆಳಗೆ ಸಹಿ ಮಾಡಿದವರು ವಿಧಾನ ಕೇಳಿದಾಗ, "ಅದು ಕೂತದ್ದು ನೋಡಿದ್ರೆ ಗೊತ್ತಾಗ್ತದಲ್ಲ ಸಾರ್. ನಿಮ್ಮ ಅವಳಿ ಮಕ್ಕಳನ್ನು ನೀವು ಕೂದಲು ಎಣಿಸಿಯಾ ಗುರ್ತ ಹಿಡಿಯುದು?" ಎಂದು ಉತ್ತರಿಸಿದ್ದಾರೆ. ಸದರಿ ಮಕ್ಕಳು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.

4. ಸುಮ್ಮನೆ ಕುಳಿತುಕೊಳ್ಳುವುದು ಉಪನಿರ್ದೇಶಕರು ಮತ್ತು ಅವರಿಗಿಂತ ಮೇಲಿನವರಿಗೆ ಮಾತ್ರ ಸಲ್ಲುತ್ತದೆ.

5. ಆದ್ದರಿಂದ ದಾಕ್ಷಾಯಣಿಯವರು ಮಾರ್ಚ್ 31ರೊಳಗೆ ನೊಣ ಗುರುತಿಸುವ ಪರೀಕ್ಷೆಗೆ ಕೂರತಕ್ಕದ್ದು. ಅನುತ್ತೀರ್ಣರಾದಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಗುವುದು.

6. ಉತ್ತರಪತ್ರಿಕೆ ತಿದ್ದಲು ಅರ್ಹರಾದವರನ್ನು ತಿರುವನಂತಪುರದಿಂದ ಕೊಚ್ಚಿಯವರೆಗೆ ಹುಡುಕಲಾಯಿತು. ಒಬ್ಬರು ಸಿಕ್ಕಿದ್ದಾರೆ. ಶ್ರೀಮತಿ ದಾಕ್ಷಾಯಣಿಯವರನ್ನು ಮೌಲ್ಯಮಾಪಕರಾಗಿ ನೇಮಿಸಲಾಗಿದೆ.

7. ತನ್ನ ಪತ್ರಿಕೆಯನ್ನು ತಾನೇ ತಿದ್ದುವುದು ನಿಯಮಬಾಹಿರವಾದ್ದರಿಂದ, ಇನ್ನೊಬ್ಬ ಮೌಲ್ಯಮಾಪಕರು ಸಿಗುವವರೆಗೆ ಫಲಿತಾಂಶವನ್ನು ತಡೆಹಿಡಿಯಲಾಗುವುದು. ಫಲಿತಾಂಶ ಬರುವವರೆಗೆ ಅವರು ಕೆಲಸದಲ್ಲಿ ಮುಂದುವರಿಯತಕ್ಕದ್ದು.

(ಸಹಿ)
ಉಪೇಂದ್ರ
ಉಪನಿರ್ದೇಶಕರು

ಪ್ರತಿಗಳು:
1. ಶ್ರೀ ರತ್ನಾಕರ, ಮೇಲ್ವಿಚಾರಕರು, ಮಟ್ಟಾಂಚೇರಿ ಕೇಂದ್ರ: ಸೂಚನಾಫಲಕಕ್ಕೆ ಹಚ್ಚಲು. ಫಲಕವಿಲ್ಲದಿದ್ದಲ್ಲಿ, ಹಚ್ಚಿರುವುದಾಗಿ ವರದಿ ಮಾಡಲು.
2. ಶ್ರೀಮತಿ ದಾಕ್ಷಾಯಣಿ, ಪರೀಕ್ಷಾರ್ಥಿ: ಸಿದ್ಧತೆಗಾಗಿ.
3. ಶ್ರೀಮತಿ ದಾಕ್ಷಾಯಣಿ, ಮೌಲ್ಯಮಾಪಕರು: ಪ್ರಶ್ನೆಪತ್ರಿಕೆ ಸಹಿತ. ಕ್ರಮಾಂಕ 2ರವರಿಗೆ ತೋರಿಸಬಾರದು.