ಹುರಿ ಎಂದು ಬರೆದ ಡಬ್ಬಿ

ನಾನು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತನಾದವನು. ವೇಳೆಗೆ ಸರಿಯಾಗಿ ಮಾಡಿದರೆ ಆಗದ ಕೆಲಸವಿಲ್ಲ ಎಂದು ನಂಬಿದವನು. ಗೂಡ್ಸ್ ಗಾಡಿಯನ್ನೇ ವೇಳೆಗೆ ಕಳಿಸಿದವನಿಗೆ ಎರಡು ತೋಳು ಬೆಳೆಸುವುದು ಯಾವ ದೊಡ್ಡ ವಿಷಯ?

ತೋಳು ಬೆಳೆಸುವ ಅಗತ್ಯ ಬಿದ್ದದ್ದು ಅಜ್ಜಂಪುರದಲ್ಲಿರುವ ತಂಗಿ ಗಿರಿಜೆಯ ಮಗಳ ಮದುವೆಗೆ. ನಮ್ಮಲ್ಲಿ ಮದುಮಗಳನ್ನು ಸೋದರಮಾವ ಎತ್ತಿಕೊಂಡು ಹಸೆಗೆ ತರಬೇಕು. ಇರುವ ಸೋದರಮಾವ ನಾನೊಬ್ಬನೇ. ಹುಡುಗಿ ಸೌಮ್ಯ ಕಾಲೇಜಿನಲ್ಲಿ ವಾಲಿಬಾಲ್ ಆಡಿದವಳು. ನನಗಿಂತ ಎತ್ತರ, ನನಗಿಂತ ಗಟ್ಟಿ.

ತಂಗಿ ಫೋನಿನಲ್ಲೇ ತೀರ್ಪು ಕೊಟ್ಟಳು. "ಅಣ್ಣಾ, ನಿನ್ ಕೈಲಾಗಲ್ಲ ಬಿಡು. ಕೈ ಹಿಡ್ಕೊಂಡು ಬಾ ಸಾಕು, ಅವಳೇ ನಡ್ಕೊಂಡ್ ಬತ್ತಾಳೆ."

ಆ ಕೂಸನ್ನು ಹೆಗಲ ಮೇಲೆ ಹೊತ್ತು, ಪ್ಲಾಟ್‌ಫಾರ್ಮಿನಲ್ಲಿ ರೈಲು ತೋರಿಸಿದವನು ನಾನು. ಕೊನೆಯ ಸಲ ಎತ್ತಿಕೊಳ್ಳುವ ಹಕ್ಕನ್ನು ಹಾಗೆಲ್ಲ ಬಿಟ್ಟುಕೊಡಲಾಗುತ್ತದೆಯೇ? ಎತ್ತಿಯೇ ತೀರುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ತರೀಕೆರೆಯ ನಮ್ಮ ಮನೆಯಲ್ಲಿ ವಿಷಯ ಚರ್ಚೆಗೆ ಬಂತು. ಹೆಂಡತಿ ಶಾರದೆ ಹೇಳಿದಳು, "ಮುದ್ದೆ, ಹುರುಳಿಕಾಳು ಸಾರು ಉಣ್ಣಿ. ಬೆಳಿಗ್ಗೆ ಹಾಲಿಗೆ ಹುರಿಹಿಟ್ಟು ಕಲಸ್ಕೊಳ್ಳಿ. ನಿಮ್ಮಪ್ಪ ಅದರಲ್ಲೇ ಮೂಟೆ ಹೊರ್ತಿದ್ರು."

"ಅದು ಊಟ ಕಣೇ. ನನಗೆ ಬೇಕಾದ್ದು ಪ್ರೋಟೀನ್."

"ಹುರುಳೀಲಿ ಇನ್ನೇನಿದೆ ಅಂದ್ಕೊಂಡಿದೀರಿ, ಸೀಮೆಎಣ್ಣೆಯಾ?"

ನೆಟ್ಟಗೆ ಹೋಗಿ, ಜಿಮ್ಮಿನ ಪಕ್ಕದ ಅಂಗಡಿಯಿಂದ ಪ್ರೋಟೀನ್ ಪುಡಿಯ ದೊಡ್ಡ ಡಬ್ಬಿ ತಂದೆ. ಅದರ ಮೇಲೆ ಅಂಗಿಯಿಲ್ಲದ ಒಬ್ಬ ಮಹಾನುಭಾವ ತೋಳು ಮಡಚಿ ನಿಂತಿದ್ದ. ಒಳಗೆ ಕಂದು ಬಣ್ಣದ ಪುಡಿ. ದಿನಚರಿ ಸಿದ್ಧವಾಯಿತು: ಪೂಜೆಗೆ ಮುಂಚೆ ಹಾಲಿನಲ್ಲಿ ಪುಡಿ, ಪೂಜೆಯಾದ ಮೇಲೆ ರಾಗಿ ಮೂಟೆ ಎತ್ತುವ ಅಭ್ಯಾಸ. ಮುದ್ದೆಗೆ ರಜೆ. ಮೊದಲ ವಾರ ಮೂಟೆ ನೆಲ ಬಿಡಲಿಲ್ಲ, ನಾನು ಕಕ್ಕಸು ಬಿಡಲಿಲ್ಲ.

ಅಷ್ಟರಲ್ಲಿ ಶಾರದೆಯ ಇನ್ನೊಂದು ದೂರು. "ಆ ಬರಿಮೈಯವನನ್ನ ದೇವರ ಫೋಟೋ ಎದುರಿಗೇ ನಿಲ್ಸಿದೀರಲ್ಲ, ಮೊದ್ಲು ಆಚೆ ಹಾಕಿ."

ನ್ಯಾಯವಾದ ಮಾತು. ಪುಡಿಯನ್ನು ಸ್ಟೀಲ್ ಡಬ್ಬಿಗೆ ಸುರಿದುಕೊಂಡು, ಬರಿಮೈಯವನನ್ನು ಕಸದ ಗಾಡಿಗೆ ಹತ್ತಿಸಿದೆ. ಹೆಸರಿಲ್ಲದ ಡಬ್ಬಿ ನನ್ನ ಮನೆಯಲ್ಲಿ ಇರಕೂಡದು. 'ಮೈ ಹುರಿಗಟ್ಟಿಸುವ ಪುಡಿ' ಎಂದು ಬರೆಯಲು ಚೀಟಿಯಲ್ಲಿ ಜಾಗವಿರಲಿಲ್ಲ. 'ಹುರಿ' ಎಂದಷ್ಟೇ ಬರೆದು ಅಂಟಿಸಿದೆ. ಚಿಕ್ಕದು, ಚೊಕ್ಕದು, ಯಾವ ಗೊಂದಲಕ್ಕೂ ಎಡೆಯಿಲ್ಲ.

ಆಮೇಲೆ ನಡೆದದ್ದು ಪವಾಡ. ಹೊಟ್ಟೆ ತಣ್ಣಗಾಯಿತು. ಪುಡಿ ರುಚಿಸತೊಡಗಿತು, ನಾಲಗೆ ಪಳಗಿತು ಎಂದುಕೊಂಡೆ. ಮೂಟೆ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕೊನೆಗೆ ಎದೆಗೇ ಬಂತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ, ದಿನಾ ತಿಂದರೂ ಡಬ್ಬಿ ಖಾಲಿಯಾಗಲಿಲ್ಲ. ಕಂಪನಿಯವರ ಧಾರಾಳತನಕ್ಕೆ ಮನಸೋತು, ವಾಕಿಂಗಿಗೆ ಬರುವ ನಿವೃತ್ತರಿಗೆಲ್ಲ ಪುಡಿಯ ಬಗ್ಗೆ ಉಪನ್ಯಾಸ ಕೊಟ್ಟೆ. ಪಾಪ, ಇಬ್ಬರು ಕೊಂಡೂಬಿಟ್ಟರು.

ಮದುವೆ ಕಡೂರಿನ ಕಲ್ಯಾಣ ಮಂಟಪದಲ್ಲಿ. ವಾದ್ಯ ಮೊಳಗಿತು. ಪಂಚೆ ಬಿಗಿದು, ಉಸಿರು ಕಟ್ಟಿ ಸೌಮ್ಯಳನ್ನು ಎತ್ತಿದೆ. ಎದ್ದಳು.

"ಮಾವ, ಸೊಂಟ ಹುಷಾರು" ಎಂದಳು. ಗಿರಿಜೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಾಯಿ ಮುಚ್ಚಿಕೊಂಡು ನಡೆದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಗಂಡಿನ ಕಡೆಯ ಹಿರಿಯರೊಬ್ಬರು ಕೇಳಿದರು, "ಏನ್ರೀ ಯಜಮಾನ್ರೇ, ಈ ವಯಸ್ಸಲ್ಲಿ ಏನ್ ತಿಂತೀರಿ?"

ಕೇಳಿದ್ದಕ್ಕೆ ಉತ್ತರಿಸದೆ ಮುಂದೆ ಹೋಗುವುದು ನನ್ನ ಸೇವಾ ನಿಯಮದಲ್ಲಿಲ್ಲ. ಮದುಮಗಳ ಸಮೇತ ನಿಂತೆ. "ಪ್ರೋಟೀನ್ ಪುಡಿ ಸ್ವಾಮಿ. ಊಟದಲ್ಲಿ ಏನೂ ಇಲ್ಲ. ಒಂದೇ ಡಬ್ಬಿ, ಇನ್ನೂ ಮುಗಿದಿಲ್ಲ."

ಕಳಶ ಹಿಡಿದು ಹಿಂದೆ ಬರುತ್ತಿದ್ದ ಶಾರದೆ ಕೇಳಿದಳು, "ಯಾವ ಡಬ್ಬಿ?"

"ಅದೇ, ಹುರಿ ಅಂತ ಬರೆದಿರೋದು."

"ಅದು ಹುರಿಹಿಟ್ಟಿನ ಡಬ್ಬಿ ಅಲ್ವೇನ್ರೀ? ತಳ ಕಂಡಾಗೆಲ್ಲ ಹುರಿದು ಬೀಸಿ, ಬೆಲ್ಲ ಬೆರೆಸಿ ತುಂಬಿಸ್ತಿರೋಳು ನಾನು. ಅಂತೂ ದಾರಿಗೆ ಬಂದ್ರು, ಚೀಟಿ ಬೇರೆ ಅಂಟಿಸಿದಾರೆ ಅಂತ ಖುಷಿಯಾಗಿದ್ದೆ."

"ಮತ್ತೆ ನನ್ನ ಪುಡಿ?"

"ಬರಿಮೈಯವನ ಜೊತೇಲೇ ಹೋಯ್ತು ಅಂದ್ಕೊಂಡಿದ್ದೆ."

ಮೊದಲು ನಕ್ಕವಳು ಸೌಮ್ಯ. ವಾಲಿಬಾಲ್ ಆಡಿದ ಹುಡುಗಿ ನಕ್ಕರೆ ಮೈಯೆಲ್ಲ ನಗುತ್ತದೆ. ನನ್ನ ತೋಳು ಸಡಿಲಿತು. ಜಾರಿದವಳು ಆಟಗಾರ್ತಿಯಂತೆ ನೆಟ್ಟಗೆ ಕಾಲೂರಿ ನಿಂತಳು, ತತ್ತರಿಸಿದವನು ನಾನು. ಅವಳೇ ನನ್ನ ರಟ್ಟೆ ಹಿಡಿದು, "ಬಾ ಮಾವ, ಇನ್ನೇನು ಬಂದೇಬಿಡ್ತು" ಎನ್ನುತ್ತ ಹಸೆಯವರೆಗೆ ನಡೆಸಿಕೊಂಡು ಹೋದಳು.

ಮುಹೂರ್ತ ಮೀರಲಿಲ್ಲ. ಗಾಡಿ ವೇಳೆಗೆ ಸರಿಯಾಗಿಯೇ ತಲುಪಿತು. ಎಳೆದುಕೊಂಡು ಬಂದ ಎಂಜಿನ್ ಮಾತ್ರ ನಾನಲ್ಲ.