ಪೂರ್ತಿ ತೃಪ್ತಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಗೀಸರಿನ ‘ಗೊರ್’ ಸದ್ದು. ಅದೂ ದಿನವಿಡೀ ಅಲ್ಲ, ಬೆಳಿಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ. ಆದರೆ ಆ ಸದ್ದು ಮೂರನೇ ಮಹಡಿಯ ಟೀಚರಮ್ಮನ ಬಚ್ಚಲಿನಲ್ಲಿ ಹುಟ್ಟಿ, ಗ್ಯಾಸ್ ಕಂಪನಿಯ ಲೆಕ್ಕದ ಪುಸ್ತಕದೊಳಗೆ ನುಗ್ಗಿ, ನಮ್ಮ ನಿಯಮಪ್ಪನಿಗೆ ಸಿಗಬೇಕಾಗಿದ್ದ ಕುರ್ಚಿಯ ಕಾಲನ್ನೇ ಅಲ್ಲಾಡಿಸಿತು.

ನಿಯಮಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಇಟ್ಟದ್ದು. ಮನೆಮನೆಗೆ ಪೈಪಿನಲ್ಲಿ ಗ್ಯಾಸ್ ಮಾರುವ, ಜೊತೆಗೆ ಗೀಸರು ಒಲೆಗಳ ರಿಪೇರಿಯನ್ನೂ ವರ್ಷದ ಒಪ್ಪಂದದ ಮೇಲೆ ನೋಡಿಕೊಳ್ಳುವ ಆ ಕಂಪನಿಯಲ್ಲಿ ಅವನು ಹದಿನೆಂಟು ವರ್ಷದಿಂದ ಅಕೌಂಟೆಂಟು. ವಾರ್ಷಿಕ ವರದಿಯ ಹಿಂಭಾಗದಲ್ಲಿ ‘ಪ್ರಮುಖ ಲೆಕ್ಕಪತ್ರ ನೀತಿಗಳು’ ಅಂತ ಎರಡು ಪುಟ ಇರುತ್ತವಲ್ಲ, ಯಾರೂ ಓದದ ಪುಟಗಳು, ಅವನ್ನು ಬರೆಯುತ್ತಿದ್ದವನು ಇವನೇ. ಒಟ್ಟು ಹನ್ನೊಂದು ನೀತಿ. ನಾಲ್ಕನೆಯದು ಹೀಗಿತ್ತು: ‘ಲಾಭವನ್ನು ಕೈಗೆ ಬಂದ ಮೇಲಷ್ಟೇ ಬರೆಯತಕ್ಕದ್ದು, ನಷ್ಟವನ್ನು ಸುಳಿವು ಸಿಕ್ಕಿದ ದಿನವೇ ಬರೆಯತಕ್ಕದ್ದು.’

ಇದನ್ನು ಅವನು ಕಂಪನಿಗೆಂದು ಬರೆದನೋ ತನಗೆಂದು ಬರೆದುಕೊಂಡನೋ ಗೊತ್ತಿಲ್ಲ. ಬದುಕಿದ್ದೇ ಹಾಗೆ. ಮದುವೆಗೆ ಹೆಣ್ಣು ಒಪ್ಪಿದ್ದಾಳೆ ಎಂದು ಸುದ್ದಿ ಬಂದಾಗ ಅವನ ಬಾಯಿಂದ ಬಂದದ್ದು ‘ನೋಡೋಣ’ ಎಂಬ ಒಂದೇ ಮಾತು. ಆದರೆ ಮೂಗು ಸೋರಿದರೆ ಮಾತ್ರ ಆಸ್ಪತ್ರೆಗೆ ಸೇರುವವರೆಗಿನ ಖರ್ಚನ್ನು ಅಂದೇ ಲೆಕ್ಕ ಹಾಕಿಬಿಡುತ್ತಿದ್ದ.

ಅಂಥವನು ಆ ದಿನ ಬೆಳಿಗ್ಗೆ ತನ್ನ ನಾಲ್ಕನೇ ನೀತಿಯನ್ನು ತಾನೇ ಮುರಿದ. ಸ್ನಾನ ಮುಗಿಸಿ, ಹಾಡು ಗುನುಗುತ್ತಾ ಅಡುಗೆಮನೆಗೆ ಬಂದು ಹೆಂಡತಿಗೆ ಹೇಳಿದ, “ಇವತ್ತು ಸಂಜೆಯಿಂದ ನಿನ್ನ ಗಂಡ ಚೀಫ್ ಅಕೌಂಟೆಂಟ್ ಕಣೇ. ಕಿಟಕಿ ಇರೋ ರೂಮು!”

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಖಂಡಿತಾನಾ?”

“ಖಂಡಿತ.”

ಹದಿನೆಂಟು ವರ್ಷದಲ್ಲಿ ಗಂಡನ ಬಾಯಿಂದ ಆ ಪದವನ್ನು ಅವಳು ಕೇಳಿರಲಿಲ್ಲ. ಅವನು ಇಷ್ಟು ಕಾಲ ಜೆರಾಕ್ಸ್ ಮೆಷೀನಿನ ಪಕ್ಕ, ಗೋಡೆಗೆ ಮುಖ ಮಾಡಿಕೊಂಡು ಕೂತದ್ದು ಅವಳಿಗೂ ಗೊತ್ತಿತ್ತು. ಅವಳ ಮುಖ ಅರಳಿದ್ದನ್ನು ನೋಡಿ ನಿಯಮಪ್ಪನಿಗೆ ಖುಷಿಯೂ ಆಯಿತು, ಒಳಗೊಳಗೇ ಪುಕುಪುಕು ಎಂದೂ ಅನ್ನಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದೆನಲ್ಲ ಎಂದುಕೊಳ್ಳುತ್ತಲೇ ಆಫೀಸಿಗೆ ಓಡಿದ.

ಅದು ಲೆಕ್ಕದ ವರ್ಷದ ಕೊನೆಯ ದಿನ. ಸಂಜೆ ಐದಕ್ಕೆ ಪುಸ್ತಕ ಮುಚ್ಚಬೇಕು. ಮ್ಯಾನೇಜರು ಮೊದಲೇ ಹೇಳಿದ್ದರು: ಈ ವರ್ಷ ಲಾಭ ಬಂದರೆ ಆ ರೂಮು ನಿಮ್ಮದು, ನಷ್ಟದ ವರ್ಷ ಯಾರಿಗೂ ಬಡ್ತಿ ಇಲ್ಲ. ಲಾಭವೇನೋ ಇತ್ತು, ಕೂದಲೆಳೆಯಷ್ಟು.

ಹತ್ತೂವರೆಗೆ, ಲೆಕ್ಕ ತಪಾಸಣೆಗೆ ಬಂದಿದ್ದ ಆಡಿಟರಮ್ಮ, ರಿಪೇರಿ ಆಯಿತೆಂದು ಮನೆಯವರು ಸಹಿ ಹಾಕುವ ಜಾಬ್ ಕಾರ್ಡುಗಳ ರಾಶಿಯಿಂದ ಒಂದು ಕಟ್ಟು ಎಳೆದಳು. ನಲವತ್ತೆಂಟು ಮನೆಯ ಒಂದು ಅಪಾರ್ಟ್‌ಮೆಂಟಿನದು. ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

“ಸರ್, ಇದರಲ್ಲಿ ನಲವತ್ತೇಳು ಸಹಿ ಇದೆ. ಮೂರನೇ ಮಹಡಿಯ ಒಂದು ಮನೆಯ ಸಹಿ ಜಾಗ ಖಾಲಿ.”

“ಒಂದು ತಾನೇ, ಹೋಗ್ಲಿ ಬಿಡಮ್ಮ,” ಎಂದರು ಮ್ಯಾನೇಜರು.

“ಇಡೀ ಕಟ್ಟಡಕ್ಕೆ ಒಂದೇ ಒಪ್ಪಂದ ಸರ್. ನಿಮ್ಮ ಏಳನೇ ನೀತಿ ನೋಡಿ.” ಆಡಿಟರಮ್ಮ ಗಟ್ಟಿಯಾಗಿ ಓದಿದಳು: “‘ಮನೆಸೇವೆಯ ಆದಾಯವನ್ನು ಕೆಲಸ ಪೂರ್ತಿಯಾದ ಮೇಲಷ್ಟೇ ಲೆಕ್ಕಕ್ಕೆ ಹಿಡಿಯತಕ್ಕದ್ದು. ಪೂರ್ತಿ ಎಂದರೆ, ಒಪ್ಪಂದದ ಪ್ರತಿಯೊಂದು ಮನೆಯವರೂ ತಮಗೆ ಪೂರ್ತಿ ತೃಪ್ತಿಯಾಗಿದೆ ಎಂದು ಕೈಯಾರೆ ಸಹಿ ಹಾಕುವುದು.’ ಒಂದು ಮನೆ ಬಾಕಿ ಇದ್ರೆ ನಲವತ್ತೆಂಟೂ ಬಾಕಿ. ಇದನ್ನ ತೆಗೆದ್ರೆ ಈ ವರ್ಷ ನಷ್ಟ.”

ಮ್ಯಾನೇಜರು ನಿಯಮಪ್ಪನ ಕಡೆ ತಿರುಗಿದರು. “ಯಾವ ಮಹಾನುಭಾವ ಬರೆದದ್ರೀ ಇದನ್ನ?”

ನಿಯಮಪ್ಪ ನೆಲ ನೋಡಿದ. ಎರಡನೇ ವಾಕ್ಯ ಬರೆಯೆಂದು ಯಾರೂ ಕೇಳಿರಲಿಲ್ಲ, ಅವನೇ ಹುಮ್ಮಸ್ಸಿನಲ್ಲಿ ಸೇರಿಸಿದ್ದ.

“ಐದು ಗಂಟೆವರೆಗೂ ಕಾಯ್ತೀನಿ,” ಎಂದಳು ಆಡಿಟರಮ್ಮ. ಪಾಪ, ಒಳ್ಳೆಯ ಹುಡುಗಿ.

ಮೂಲ ಕಾಗದಗಳನ್ನು ಯಾರ ಮೇಜಿನ ಮೇಲೂ ಬಿಟ್ಟು ಹೋಗಬಾರದೆಂಬುದು ನಿಯಮಪ್ಪನ ಇನ್ನೊಂದು ಕಟ್ಟುನಿಟ್ಟು. ಹಾಗಾಗಿ ಒಂದು ಸಹಿಗೆ ಹೊರಟವನು ನಲವತ್ತೆಂಟು ಕಾರ್ಡುಗಳನ್ನೂ ಕಂಕುಳಲ್ಲಿ ಇರುಕಿಕೊಂಡೇ ಹೊರಟ. ಇದೊಂದು ಬುದ್ಧಿವಂತಿಕೆ ಮಾಡದೇ ಇದ್ದಿದ್ದರೆ ಅರ್ಧ ಕತೆ ಉಳಿಯುತ್ತಿತ್ತು. ಜೊತೆಗೆ ಮೆಕ್ಯಾನಿಕ್ ಇದ್ದ. ಅವನಿಗೆ ಆಫೀಸಿನಲ್ಲಿ ಸ್ಪ್ಯಾನರಣ್ಣ ಎನ್ನುತ್ತಿದ್ದರು.

“ನಾಲ್ಕು ಸಲ ಹೋಗಿ ಬಂದೆ ಸಾರ್,” ಎಂದ ಸ್ಪ್ಯಾನರಣ್ಣ ಮೆಟ್ಟಿಲು ಹತ್ತುತ್ತಾ. “ಗೀಸರ್ ಕಲ್ಲುಗುಂಡಿನ ಥರ ಇದೆ. ಆ ಅಮ್ಮ ಮಾತ್ರ ಸಹಿ ಹಾಕಲ್ಲ.”

ಟೀಚರಮ್ಮ ನಲವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಕನ್ನಡಕ ಹಾಕಿಕೊಂಡು ಕಾರ್ಡನ್ನು ಮೇಲಿಂದ ಕೆಳಗಿನವರೆಗೂ ಓದಿದರು. ನಿಯಮಪ್ಪನಿಗೆ ಅವರ ಮೇಲೆ ಆ ಕ್ಷಣವೇ ಗೌರವ ಹುಟ್ಟಿತು. ತನ್ನ ಹಾಗೆ ಪೂರ್ತಿ ಓದುವ ಇನ್ನೊಂದು ಜೀವವನ್ನು ಅವನು ಕಂಡಿರಲಿಲ್ಲ.

“ನೀರು ಬಿಸಿ ಬರತ್ತಾಮ್ಮ?”

“ಬರತ್ತೆ.”

“ಮತ್ತೆ ಸಹಿ?”

“ಗೊರ್ ಅನ್ನತ್ತಲ್ಲಪ್ಪಾ. ಇಲ್ಲಿ ನೋಡಿದ್ರೆ ‘ಪೂರ್ತಿ ತೃಪ್ತಿಯಾಗಿದೆ’ ಅಂತ ಬರೆದಿದೆ. ನಲವತ್ತು ವರ್ಷದಲ್ಲಿ ನೂರಕ್ಕೆ ನೂರು ಅಂತ ನಾನು ಕೊಟ್ಟಿರೋದು ಇಬ್ಬರಿಗೆ. ಅದರಲ್ಲಿ ಒಬ್ಬಳಿಗೆ ಕೊಟ್ಟದ್ದು ತಪ್ಪು ಅಂತ ಈಗಲೂ ಅನ್ನಿಸತ್ತೆ.”

ಅಷ್ಟರಲ್ಲಿ ಪಕ್ಕದ ಮನೆಯ ಆಂಟಿ ಬಾಗಿಲಿಗೆ ಬಂದರು. ಅವರ ಹಿಂದೆಯೇ ಮೇಲಿನ ಮಹಡಿಯಿಂದ ಸಂಘದ ಸೆಕ್ರೆಟರಿ ಇಳಿದು ಬಂದರು. ಅಪಾರ್ಟ್‌ಮೆಂಟಿನಲ್ಲಿ ಯಾರು ಸೀನಿದರೂ ಅದರ ವರದಿ ಮೊದಲು ಸೆಕ್ರೆಟರಿಗೇ ಹೋಗಬೇಕು.

“ಒಂದು ಸಹಿ ಹಾಕದೇ ಇದ್ರೆ ಏನ್ರೀ ಆಗತ್ತೆ?” ಎಂದು ಕೇಳಿದರು ಸೆಕ್ರೆಟರಿ.

ಸುಳ್ಳು ಹೇಳುವ ಅಭ್ಯಾಸ ನಿಯಮಪ್ಪನಿಗೆ ಇರಲಿಲ್ಲ. “ನಲವತ್ತೆಂಟು ಮನೆಯ ಆದಾಯವೂ ಈ ವರ್ಷದ ಲೆಕ್ಕಕ್ಕೆ ಬರೋದಿಲ್ಲ,” ಎಂದುಬಿಟ್ಟ.

ಆಂಟಿ ಕೆನ್ನೆ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ಶಿವನೇ! ನಮ್ಮ ಸಹಿಗೆ ಅಷ್ಟೊಂದು ಬೆಲೆ ಇತ್ತಾ? ನಾನು ಹಾಲಿನವನಿಗೆ ಹಾಕಿದ ಹಾಗೆ ಹಾಕಿ ಕಳಿಸಿದ್ನಲ್ಲ! ಎಲ್ಲಿ, ನನ್ನ ಕಾರ್ಡ್ ಕೊಡಿ ಇಲ್ಲಿ. ನಮ್ಮ ನೀರು ಬಿಸಿಯಾಗೋಕೆ ಅರ್ಧ ಗಂಟೆ ಬೇಕು.”

ಕಾರ್ಡು ಕಂಕುಳಲ್ಲೇ ಇತ್ತಲ್ಲ! ಆಂಟಿ ಎಳೆದುಕೊಂಡು, ಸಹಿಯನ್ನು ಅಡ್ಡಡ್ಡ ಹೊಡೆದರು. ಸುದ್ದಿ ಮೆಟ್ಟಿಲಿನಲ್ಲಿ ಕೆಳಗಿಳಿಯಿತು, ಜನ ಮೇಲೆ ಹತ್ತಿದರು. ಒಬ್ಬರಿಗೆ ನೀರು ಸಣ್ಣಗೆ ಬರುತ್ತದೆ, ಇನ್ನೊಬ್ಬರಿಗೆ ನಡುನಡುವೆ ತಣ್ಣಗಾಗುತ್ತದೆ. ಮತ್ತೊಬ್ಬರಿಗೆ ಗೀಸರಿನ ಬಣ್ಣವೇ ಹಿಡಿಸಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಹನ್ನೊಂದು ಸಹಿ ಹೊಡೆದುಹೋಗಿದ್ದವು. ಒಂದು ಸಹಿ ತರಲು ಹೋದವನು ಹನ್ನೆರಡಕ್ಕೆ ಸಾಲಗಾರನಾದ.

ನಿಯಮಪ್ಪ ಟೀಚರಮ್ಮನ ಬಚ್ಚಲಿನ ಸ್ಟೂಲಿನ ಮೇಲೆ ಕುಸಿದು ಕೂತ. ನಾಲ್ಕನೇ ನೀತಿಯ ಪ್ರಕಾರ ಈಗಲೇ ನಷ್ಟ ಬರೆದುಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಬೆಳಿಗ್ಗೆ ನೋಡಿದ ಹೆಂಡತಿಯ ಮುಖ ಎದುರಿಗೆ ಬಂತು. ಎದ್ದೇಳಲು ಮನಸ್ಸಾಗಲಿಲ್ಲ.

ಟೀಚರಮ್ಮ ನೀರು ತಂದುಕೊಟ್ಟರು. “ಈ ಪೂರ್ತಿ ತೃಪ್ತಿ ಅಂತ ಬರೆದೋರು ಯಾರಪ್ಪಾ?”

“ನಾನೇ.”

“ಯಾಕೆ?”

“ಮುಂಚೆ ಮೆಕ್ಯಾನಿಕ್ ಮನೆ ಬಾಗಿಲಿಗೆ ಹೋದ್ರೆ ಸಾಕು, ಕೆಲಸ ಮುಗೀತು ಅಂತ ಬರ್ಕೊಳ್ತಿದ್ವಿ. ಬಾಗಿಲು ಹಾಕಿದ್ರೂ ಮುಗೀತು. ನೀರು ಬಿಸಿಯಾಯ್ತೋ ಇಲ್ವೋ ಯಾರೂ ಕೇಳ್ತಾ ಇರ್ಲಿಲ್ಲ. ಪುಸ್ತಕದಲ್ಲಿ ಮಾತ್ರ ಎಲ್ಲರ ಮನೇಲೂ ಬಿಸಿನೀರು. ನನಗೆ ಅದು ಸುಳ್ಳು ಅನ್ನಿಸ್ತಮ್ಮ. ಒಬ್ಬರ ಹತ್ರ ದುಡ್ಡು ತಗೊಂಡ ಮೇಲೆ ಅವರ ಕೆಲಸ ಆಗಿದ್ಯಾ ಅಂತ ಅವರನ್ನೇ ಕೇಳ್ಬೇಕಲ್ವಾ?”

ಟೀಚರಮ್ಮ ಖಾಲಿ ಲೋಟ ಇಸಿದುಕೊಂಡರು. “ಚೆನ್ನಾಗಿ ಬರೆದಿದ್ದೀಯ. ಅದಕ್ಕೇ ನಾನು ಸುಳ್ಳು ಸಹಿ ಹಾಕಬಾರದು. ಹಾಕಿದ್ರೆ ನಿನ್ನ ಬರವಣಿಗೆಗೇ ಅವಮಾನ.”

ಹೊಗಳಿಕೆಯಿಂದ ಹೊಟ್ಟೆ ಉರಿದದ್ದು ನಿಯಮಪ್ಪನಿಗೆ ಅದೇ ಮೊದಲು.

ಸರಿಯಾಗಿ ಆ ಹೊತ್ತಿಗೆ ಗೀಸರು ‘ಗೊರ್’ ಎಂದಿತು. ಸ್ಪ್ಯಾನರಣ್ಣ ಕಿವಿಯನ್ನು ಗೋಡೆಯ ಪೈಪಿಗೆ ಒತ್ತಿ ನಿಂತ. ಆಮೇಲೆ ಮೇಲಿನ ಮಹಡಿಗೆ ಹತ್ತಿದ. ಎಲ್ಲರೂ ಹಿಂದೆ ಹತ್ತಿದರು. ಸೆಕ್ರೆಟರಿ ಮಾತ್ರ “ಅಲ್ಲೇನಿದೆ, ಅಲ್ಲೇನಿಲ್ಲ” ಎನ್ನುತ್ತಾ ಎಲ್ಲರಿಗಿಂತ ಮುಂದೆ ಓಡಿದರು. ಅವರ ಬಚ್ಚಲಿನಲ್ಲಿ, ಬಕೆಟ್ಟಿನ ಹಿಂದೆ, ಎಲ್ಲರ ಮನೆಗೂ ನೀರು ಹೋಗುವ ಪೈಪಿಗೆ ಒಂದು ಪುಟ್ಟ ಪಂಪು ಜೋಡಿಸಿತ್ತು. ಅದು ಓಡಿದಾಗಲೆಲ್ಲ ಸೆಕ್ರೆಟರಿಯ ಮನೆಗೆ ಧಾರಾಳ ನೀರು, ಉಳಿದವರ ಗೀಸರಿಗೆ ಬರೀ ಗಾಳಿ.

“ಬೇಲಿನೇ ಎದ್ದು ಹೊಲ ಮೇಯ್ತಲ್ಲಪ್ಪಾ!” ಎಂದರು ಆಂಟಿ. ಸೆಕ್ರೆಟರಿ ಇಂಗು ತಿಂದ ಮಂಗನಂತೆ ನಿಂತರು.

ಪಂಪು ಕಿತ್ತದ್ದೇ ತಡ, ಎಲ್ಲರ ಮನೆಯಲ್ಲೂ ನೀರು ದಪ್ಪಗೆ, ಬಿಸಿಯಾಗಿ ಬಂತು. ಹನ್ನೊಂದು ಜನವೂ ಮತ್ತೆ ಸಹಿ ಹಾಕಿದರು. ಬಣ್ಣ ಹಿಡಿಸದವರು ಕೂಡ ಹಾಕಿದರು. ನಾಲ್ಕು ಕಾಲಿಗೆ ನಿಯಮಪ್ಪ ಟೀಚರಮ್ಮನ ಬಚ್ಚಲಿಗೆ ನುಗ್ಗಿ, ದೀಪ ಹಾಕಿ, ನಲ್ಲಿ ತಿರುಗಿಸಿ ಕಿವಿಗೊಟ್ಟ. ಸದ್ದಿಲ್ಲ.

“ಅಮ್ಮಾ, ಗೊರ್ ಇಲ್ಲ!” ಎಂದು ಮಗುವಿನ ಹಾಗೆ ಕೂಗುತ್ತಾ ಹೊರಗೆ ಓಡಿ ಬಂದ.

ಟೀಚರಮ್ಮ ಎದ್ದು ಬಚ್ಚಲಿಗೆ ಹೋಗಿ ನೋಡಿಕೊಂಡು ಬಂದರು. ಕನ್ನಡಕ ಏರಿಸಿ, ನಿಧಾನಕ್ಕೆ ಬರೆದು, ಸಹಿ ಹಾಕಿ, ಕಾರ್ಡನ್ನು ಮಡಚಿ ಕೊಟ್ಟರು. “ಒಳ್ಳೇ ಕೆಲಸ ಮಾಡಿದ್ರಿ ಕಣಪ್ಪಾ.”

ನಿಯಮಪ್ಪನ ಕಣ್ಣು ತುಂಬಿತು. ಓದದೆ ಯಾವ ಕಾಗದವನ್ನೂ ಮುಟ್ಟದವನು, ಗಡಿಯಾರ ನೋಡಿ, ಕಾರ್ಡನ್ನು ಹಾಗೇ ಜೇಬಿಗೆ ಇಳಿಸಿ ಓಡಿದ.

ಐದಕ್ಕೆ ಹತ್ತು ನಿಮಿಷವಿತ್ತು. ಮ್ಯಾನೇಜರು ಕಿಟಕಿಯ ರೂಮಿನ ಬೀಗದ ಕೈ ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದರು. ಆಡಿಟರಮ್ಮ ಒಂದೊಂದೇ ಕಾರ್ಡು ಮಗುಚಿ ಹಾಕಿದಳು. ನಲವತ್ತೇಳು. ಕೊನೆಯದನ್ನು ಬಿಡಿಸಿ ಓದಿ, ಮೆಲ್ಲಗೆ ಮೇಜಿನ ಮೇಲಿಟ್ಟಳು.

ಟೀಚರಮ್ಮನ ದುಂಡಗಿನ ಅಕ್ಷರ: ‘೯೯/೧೦೦. ಕೆಲಸ ಅತ್ಯುತ್ತಮ. ಬಚ್ಚಲಿನ ದೀಪ ಆರಿಸದೆ ಬಂದದ್ದಕ್ಕೆ ಒಂದು ಅಂಕ ಕಡಿತ.’ ಕೆಳಗೆ ಸಹಿ.

“ತೊಂಬತ್ತೊಂಬತ್ತು ಸಾಲದೇನಮ್ಮ? ಯಾರಿಗೆ ಬರತ್ತೆ ಅಷ್ಟು?” ಎಂದರು ಮ್ಯಾನೇಜರು.

ಆಡಿಟರಮ್ಮ ನಿಯಮಪ್ಪನ ಕಡೆ ನೋಡಿದಳು. “ನೀತಿ ಬರೆದೋರು ಇಲ್ಲೇ ಇದ್ದಾರಲ್ಲ ಸರ್. ಅವರೇ ಹೇಳ್ಲಿ, ನಾನು ಹಾಗೇ ಬರ್ಕೊಳ್ತೀನಿ. ತೊಂಬತ್ತೊಂಬತ್ತು ಅಂದ್ರೆ ಪೂರ್ತೀನಾ?”

ಹೂಂ ಎಂದಿದ್ದರೆ ಮುಗಿದಿತ್ತು. ಮ್ಯಾನೇಜರು ಬೀಗದ ಕೈ ತೋರಿಸಿದರು, ಕಣ್ಣು ಹೊಡೆದರು, ಕೊನೆಗೆ ಕೆಮ್ಮಿದರು. ನಿಯಮಪ್ಪ ಬೀಗದ ಕೈಯನ್ನೊಮ್ಮೆ, ಆ ದುಂಡಗಿನ ಅಕ್ಷರಗಳನ್ನೊಮ್ಮೆ ನೋಡಿದ.

“ಅಲ್ಲ,” ಎಂದ.

ಸಂಜೆ ಮನೆ ಬಾಗಿಲಲ್ಲೇ ಹೆಂಡತಿ ಕಾಯುತ್ತಿದ್ದಳು. ಅಕ್ಕಪಕ್ಕದ ನಾಲ್ಕು ಮನೆಗೆ ಬಡ್ತಿಯ ಸುದ್ದಿ ಆಗಲೇ ಮುಟ್ಟಿತ್ತು.

“ಏನಾಯ್ತು?”

“ನೂರಕ್ಕೆ ತೊಂಬತ್ತೊಂಬತ್ತು ಬಂತು.”

“ಮತ್ತಿನ್ನೇನ್ರೀ! ಫಸ್ಟ್ ಕ್ಲಾಸ್ ಅಲ್ವಾ?”

“ಪೂರ್ತಿ ಬೇಕಿತ್ತು ಕಣೇ,” ಎಂದು ನಿಯಮಪ್ಪ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಗೊರ್ ಸದ್ದು, ಪಂಪು, ಬೀಗದ ಕೈ, ದೀಪ. ಅವಳು ಬಯ್ಯಲಿಲ್ಲ. ಎಲ್ಲ ಕೇಳಿಸಿಕೊಂಡು ಅವನ ಹೆಗಲ ಮೇಲೆ ಕೈಯಿಟ್ಟಳು.

“ನೀವು ಅಲ್ಲ ಅಂದದ್ದು ಒಳ್ಳೇದಾಯ್ತು ಬಿಡಿ. ಆದ್ರೆ ಒಂದು ಮಾತು. ಹದಿನೆಂಟು ವರ್ಷದಿಂದ ದಿನಾ ನಾನೂ ಆ ದೀಪದ ಮಾತನ್ನೇ ಹೇಳ್ತಾ ಬಂದಿದ್ದೀನಿ, ನೀವು ಕಿವಿಗೇ ಹಾಕ್ಕೊಳ್ಳಲಿಲ್ಲ. ಇವತ್ತು ಬೆಳಿಗ್ಗೆ ಹಾಡ್ತಾ ಹೋದಾಗಲೂ ಹಾಗೇ ಬಿಟ್ಟು ಹೋಗಿದ್ರಿ.”

“ಆರಿಸಿದೆ ತಾನೇ?”

“ಇಲ್ಲ. ಚೀಫ್ ಅಕೌಂಟೆಂಟ್ ಸಾಹೇಬ್ರು ಬಂದು ಅವರ ಕೈಯಾರೆ ಆರಿಸ್ಲಿ ಅಂತ ಬಿಟ್ಟಿದ್ದೆ.”

ನಿಯಮಪ್ಪ ಎದ್ದ. ಬಚ್ಚಲಿನ ದೀಪ ಬೆಳಿಗ್ಗೆಯಿಂದ ಉರಿಯುತ್ತಲೇ ಇತ್ತು. ಒಂದು ಅಂಕದ ಬೆಲೆ ಎಷ್ಟೆಂದು ಆ ವರ್ಷದ ಪುಸ್ತಕದ ನಷ್ಟದ ಸಾಲಿನಲ್ಲಿ ಅವನೇ ಬರೆದು ಬಂದಿದ್ದ. ಕೈ ಚಾಚಿ ಸ್ವಿಚ್ ಒತ್ತಿ, ಆರಿತೋ ಇಲ್ಲವೋ ಎಂದು ಮತ್ತೊಮ್ಮೆ ಇಣುಕಿ ನೋಡಿ ಹೊರಗೆ ಬಂದ.